ಬಲ್ಬ್ ಬದಲಿಸುವ ಮುಂಚೆ ಮೀಟರ್ ಹಿಡಿಯಿರಿ

ಪ್ರಶ್ನೆ: ನನ್ನದು ಹನ್ನೆರಡು ವರ್ಷದ ಹಳೆಯ ಕಾರು. ರಾತ್ರಿ ರಸ್ತೆ ಕಾಣುವುದಿಲ್ಲವೆಂದು ಹೆಡ್‌ಲೈಟಿನ 60/55 ವ್ಯಾಟಿನ (ಬ್ರೈಟಿಗೆ 60, ಡಿಮ್ಮಿಗೆ 55) ಎಚ್4 ಬಲ್ಬ್ ತೆಗೆಸಿ 100/90 ಹಾಕಿಸಿದೆ. ಒಂದು ತಿಂಗಳು ಬೆಳಕು ಚೆನ್ನಾಗಿತ್ತು. ಆಮೇಲೆ ಫ್ಯೂಸ್ ಹೋಯಿತು. 15 ಆಂಪಿಯರ್ ಇದ್ದ ಜಾಗಕ್ಕೆ 25ರದ್ದು ಹಾಕಿಕೊಟ್ಟರು. ಈಗ ಎಡಗಡೆ ಲೈಟ್ ಆಗಾಗ ಆರಿ ಹತ್ತುತ್ತದೆ, ಸ್ಟಿಯರಿಂಗ್ ಪಕ್ಕದ ಸ್ವಿಚ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಬೇರೆ ಕಂಪನಿಯ ಬಲ್ಬ್ ಹಾಕಿಸಲೇ?

ಉತ್ತರ: ಬಲ್ಬಿನ ಮಾತು ಆಮೇಲೆ. ಮೊದಲು ಆ 25ರ ಫ್ಯೂಸ್ ಕಿತ್ತು 15ರದ್ದು ಹಾಕಿ, ಹಳೆಯ 60/55 ಬಲ್ಬುಗಳನ್ನೇ ಮತ್ತೆ ಕೂರಿಸಿ. ಸ್ವಿಚ್ ಮತ್ತು ಹೋಲ್ಡರ್ ಬಿಚ್ಚಿ ನೋಡುವ ತನಕ ರಾತ್ರಿ ಗಾಡಿ ತೆಗೆಯಬೇಡಿ. ಫ್ಯೂಸ್ ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. 15 ತಾಳುವ ವೈರಿಗೆ 25ರ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ಸುಡುವುದು ವೈರೇ. ಟೇಪ್ ಸುತ್ತಿದ ಆ ಕಟ್ಟಿನೊಳಗೆ ಪಕ್ಕದಲ್ಲೇ ಬೇರೆ ವೈರುಗಳೂ ಇರುತ್ತವೆ. ಒಂದರ ಸಿಪ್ಪೆ ಕರಗಿದರೆ ಇನ್ನೊಂದಕ್ಕೆ ತಗಲಿ ಶಾರ್ಟ್ ಆಗಲು ಹೊತ್ತು ಬೇಕಿಲ್ಲ.

ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿ. 60 ವ್ಯಾಟಿನ ಫಿಲಮೆಂಟ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ಎರಡು ಕಡೆ ಸೇರಿ 10. ಅದೇ 100 ವ್ಯಾಟ್ ಆದರೆ ಎರಡೂ ಸೇರಿ ಸುಮಾರು 17. ಕರೆಂಟ್ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಯಿತಷ್ಟೇ ಅನ್ನಿಸಬಹುದು. ಆದರೆ ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ನಿಮ್ಮ ಫ್ಯೂಸ್ ಹೋಗಿದ್ದು ಕೆಟ್ಟಿದ್ದಕ್ಕಲ್ಲ, ತನ್ನ ಕೆಲಸ ಮಾಡಿದ್ದಕ್ಕೆ.

ಎಡಗಡೆ ಲೈಟ್ ಆರಿ ಹತ್ತುವುದಕ್ಕೆ ಹೋಲ್ಡರ್ ಸುಟ್ಟಿರುವುದೇ ಕಾರಣವೆಂದು ನನ್ನ ಊಹೆ. ಇಂಥದ್ದೊಂದು ಹೋಲ್ಡರ್ ನನ್ನ ಬೆಂಚಿನ ಡ್ರಾಯರಿನಲ್ಲಿದೆ, ಕೇಳಿದವರಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದೇನೆ. ಮೂರು ಪಿನ್ನಿನ ಪೈಕಿ ಅರ್ಥ್ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿ, ಒಳಗಿನ ಹಿತ್ತಾಳೆ ಕ್ಲಿಪ್ ನೀಲಿಗಟ್ಟಿದೆ. ಬೆರಳಲ್ಲಿ ಒತ್ತಿದರೆ ಒತ್ತಿದ ಹಾಗೇ ಉಳಿಯುತ್ತದೆ, ಸ್ಪ್ರಿಂಗ್ ಸತ್ತುಹೋಗಿದೆ. ಬಿಸಿಗೆ ಕ್ಲಿಪ್ ಸಡಿಲ, ಸಡಿಲವಾದಷ್ಟೂ ಇನ್ನಷ್ಟು ಬಿಸಿ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಈ ಕೆಲಸ ಕಲಿಯುವ ದಿನಗಳಲ್ಲಿ ನಾನೂ ನನ್ನ ಗಾಡಿಗೆ 100/90 ಹಾಕಿದ್ದೆ. ಒಂದು ರಾತ್ರಿ ತಿರುವಿನ ನಡುವೆ ಎರಡೂ ಲೈಟ್ ಒಟ್ಟಿಗೆ ಆರಿದವು, ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಕರಗಿತ್ತು. ಏನೂ ಕಾಣದ ಆ ಎರಡು ಮೂರು ಸೆಕೆಂಡ್ ಇವತ್ತಿಗೂ ನೆನಪಿದೆ. ಅಂದಿನಿಂದ ಬಲ್ಬ್ ಮಂಕು ಎಂದು ಯಾರೇ ಬಂದರೂ ಮೊದಲು ಕೈಗೆತ್ತಿಕೊಳ್ಳುವುದು ವೋಲ್ಟ್ ಅಳೆಯುವ ಮಲ್ಟಿಮೀಟರ್.

ನೀವೂ ನೋಡಬಹುದು. ಎಂಜಿನ್ ಓಡುತ್ತಿರಲಿ, ಡಿಮ್ ಹಾಕಿ. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಅಳೆಯಿರಿ, 13.9 ಬಂತು ಅಂದುಕೊಳ್ಳಿ. ಆಮೇಲೆ ಹೋಲ್ಡರ್ ಬಲ್ಬಿನಲ್ಲೇ ಇರುವಾಗ ಹಿಂದಿನಿಂದ ಮೀಟರಿನ ಸೂಜಿ ತೂರಿಸಿ ಡಿಮ್ ಪಿನ್ ಮತ್ತು ಅರ್ಥ್ ಪಿನ್ ನಡುವೆ ಅಳೆಯಿರಿ. ಹಳೆಯ ಗಾಡಿಗಳಲ್ಲಿ 12.3 ಕಂಡರೆ ಅಚ್ಚರಿಯಿಲ್ಲ. ಹೋಲ್ಡರ್ ಬಿಚ್ಚಿ ಅಳೆದರೆ ಪ್ರಯೋಜನವಿಲ್ಲ, ಕರೆಂಟ್ ಹರಿಯದಿದ್ದರೆ ನಷ್ಟ ಕಾಣುವುದೇ ಇಲ್ಲ.

ಆ 1.6 ವೋಲ್ಟ್ ಸಣ್ಣದಲ್ಲ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಬೀಳುತ್ತದೆ. ವೋಲ್ಟೇಜ್ ನೂರಕ್ಕೆ 5 ಕಮ್ಮಿಯಾದರೆ ಬೆಳಕು ಸುಮಾರು 16 ಕಮ್ಮಿ, 10 ಕಮ್ಮಿಯಾದರೆ 30 ಕಮ್ಮಿ. 1.6 ವೋಲ್ಟ್ ಹೋದರೆ ಮೂರನೇ ಒಂದು ಭಾಗ ಬೆಳಕು ಹೋಯಿತು. ನಿಮ್ಮ ಹಳೆಯ ಬಲ್ಬ್ ಮಂಕಾಗಿರಲಿಲ್ಲ ಸ್ವಾಮಿ, ಅದಕ್ಕೆ ಸಿಗಬೇಕಾದ್ದು ಸಿಗುತ್ತಿರಲಿಲ್ಲ.

ಅರ್ಥ್ ವೈರ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಎಷ್ಟೋ ಗಾಡಿಗಳಲ್ಲಿ ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ. ಉಳಿದದ್ದಕ್ಕೆ ರಿಲೇ ಹಾಕಿಸಿ, ಡಿಮ್ಮಿಗೊಂದು, ಬ್ರೈಟಿಗೊಂದು. ರಿಲೇ ಅಂದರೆ ಒಳಗಿನ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟಿನ ದಾರಿ ತೆರೆಯುವ ಸ್ವಿಚ್. ಬ್ಯಾಟರಿಯ ಪ್ಲಸ್ಸಿನಿಂದ 2.5 ಚದರ ಮಿಲಿಮೀಟರ್ ವೈರ್ ಹೊರಡಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಬರಲಿ, ಅಲ್ಲಿಂದ ರಿಲೇಯ 30ನೇ ಪಿನ್ನಿಗೆ. 87ರಿಂದ ಬಲ್ಬಿಗೆ. ಹಳೆಯ ಹೋಲ್ಡರಿಗೆ ಬರುತ್ತಿದ್ದ ವೈರ್ 86ಕ್ಕೆ, 85 ಅರ್ಥಿಗೆ. ಆಗ ಸ್ವಿಚ್ಚಿನ ಮೂಲಕ ಹರಿಯುವುದು ರಿಲೇ ಕಾಯಿಲಿಗೆ ಬೇಕಾದಷ್ಟು ಮಾತ್ರ, ಸಾಮಾನ್ಯವಾಗಿ ಕಾಲು ಆಂಪಿಯರಿಗೂ ಕಮ್ಮಿ. ಹೊಸ ಹೋಲ್ಡರ್ ಸೆರಾಮಿಕ್ಕಿನದಿರಲಿ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆ ರಬ್ಬರ್ ಗ್ರಾಮೆಟ್, ಅಂದರೆ ತೂತಿನ ಅಂಚಿಗೆ ಕೂರಿಸುವ ರಬ್ಬರ್ ಉಂಗುರ, ಬೇಕೇ ಬೇಕು.

ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ಥ್ ಕಡೆಗೆ, ಬಲ್ಬಿಗೆ ಪ್ಲಸ್ ನೇರವಾಗಿ ಬಂದಿರುತ್ತದೆ. ಅಲ್ಲಿ ಮೇಲಿನ ಜೋಡಣೆ ನಡೆಯದು, ಕಾಯಿಲಿನ ವೈರಿಂಗ್ ಬದಲಾಗುತ್ತದೆ. ಮೀಟರಿನಲ್ಲಿ ನೋಡಿಕೊಳ್ಳದೆ ಕತ್ತರಿ ಹಾಕಬೇಡಿ.

ಇಷ್ಟಾದ ಮೇಲೆ 60/55 ಹಚ್ಚಿ ನೋಡಿ. 100/90ಕ್ಕೆ ಮರಳಬೇಡಿ. ರಿಲೇ ವೈರನ್ನು ಉಳಿಸೀತು, ಆದರೆ ಲೈಟಿನೊಳಗಿನ ರಿಫ್ಲೆಕ್ಟರ್ ಮತ್ತು ಮುಂದಿನ ಪ್ಲಾಸ್ಟಿಕ್ ಲೆನ್ಸ್ ಅಷ್ಟು ಶಾಖಕ್ಕೆ ಮಾಡಿದ್ದಲ್ಲ. ಎದುರು ಬರುವವರ ಕಣ್ಣಿನ ಪಾಡೂ ಇದೆ.

ಪ್ರಶ್ನೆ: ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿದೆ. ಬಲ್ಬ್ ಹೋಗಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ಸೂಚನೆ ಬರುತ್ತದೆ, ಬೆಳಕು ಮಿಣುಕುತ್ತದೆ. ರೆಸಿಸ್ಟರ್ ಹಾಕಿದರೆ ಸರಿಹೋಗುತ್ತದಂತೆ, ಹೌದೇ?

ಉತ್ತರ: ಸೂಚನೆ ನಿಲ್ಲಬಹುದು. ಗಾಡಿಯ ಕಂಪ್ಯೂಟರ್ 55 ವ್ಯಾಟಿನ ಬಲ್ಬ್ ಎಳೆಯುವ ನಾಲ್ಕೂವರೆ ಆಂಪಿಯರನ್ನು ನಿರೀಕ್ಷಿಸುತ್ತದೆ. ಎಲ್‌ಇಡಿ ಎಳೆಯುವುದು ಅದರ ಅರ್ಧಕ್ಕೂ ಕಮ್ಮಿ ಇರಬಹುದು, ಹಾಗಾಗಿ ಬಲ್ಬ್ ಸತ್ತಿದೆ ಎಂದು ತಿಳಿಯುತ್ತದೆ. ಮಿಣುಕುವುದು ಬಹುಪಾಲು ಕಂಪ್ಯೂಟರ್ ಕರೆಂಟನ್ನು ತುಂಡು ತುಂಡಾಗಿ ಕಳಿಸುವ ಗಾಡಿಗಳಲ್ಲಿ. ಫಿಲಮೆಂಟಿಗೆ ಅದು ಗೊತ್ತಾಗುವುದಿಲ್ಲ, ಎಲ್‌ಇಡಿಗೆ ಗೊತ್ತಾಗುತ್ತದೆ. ರೆಸಿಸ್ಟರ್ ಮಾಡುವುದು ಉಳಿದ ಕರೆಂಟನ್ನು ಬಿಸಿಯಾಗಿ ಸುಡುವ ಕೆಲಸ. ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತದೆ. ವೈರಿನ ಕಟ್ಟಿಗೆ ಟೈ ಹಾಕಿ ಬಿಗಿದಿದ್ದನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ನನಗೆ ಹೆಚ್ಚು ಚಿಂತೆ ಬೆಳಕು ಬೀಳುವ ರೀತಿಯದು. ರಿಫ್ಲೆಕ್ಟರಿನ ಬಾಗು ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ಎಲ್ಲೆಲ್ಲೋ ಚೆಲ್ಲುತ್ತದೆ. ಸಮತಟ್ಟು ನೆಲದಲ್ಲಿ ಗೋಡೆಯಿಂದ ಸುಮಾರು ಏಳು ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ಗೆರೆ ಎಳೆದಂತೆ ಕಾಣಬೇಕು. ಗೆರೆಯ ಮೇಲೂ ಬೆಳಕು ಹರಡಿದ್ದರೆ ಫಿಲಮೆಂಟಿನ ಹ್ಯಾಲೊಜನ್ ಬಲ್ಬಿಗೇ ಮರಳಿ. ಎಲ್‌ಇಡಿಯೇ ಬೇಕೆಂದರೆ ಎಲ್‌ಇಡಿಗೆಂದೇ ಮಾಡಿದ ಇಡೀ ಲೈಟ್ ಹಾಕಿಸಿ.

ಪ್ರಶ್ನೆ: ಎಷ್ಟು ಸಲ ಹಾಕಿದರೂ ಬಲ್ಬ್ ಎರಡು ತಿಂಗಳಲ್ಲಿ ಹೋಗುತ್ತದೆ. ಗಾಜು ಮುಟ್ಟಿದ್ದರಿಂದಲೇ?

ಉತ್ತರ: ಬೆರಳಿನ ಜಿಡ್ಡು ಕೆಟ್ಟದ್ದು ನಿಜ, ಮುಟ್ಟಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿ ಹಾಕಿ. ಆದರೆ ಪದೇ ಪದೇ ಹೋಗುತ್ತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ವೋಲ್ಟೇಜ್ ನೋಡಿ. ವೋಲ್ಟೇಜ್ ನೂರಕ್ಕೆ 5 ಹೆಚ್ಚಾದರೆ ಬಲ್ಬಿನ ಆಯುಸ್ಸು ಹತ್ತಿರ ಹತ್ತಿರ ಅರ್ಧ. 15 ವೋಲ್ಟ್ ದಾಟುತ್ತಿದ್ದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಲ್ಲಿ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಅದನ್ನು ಬೇಗ ಮಾಡಿಸಿ, ಮುಂದಿನ ಸರದಿ ಬ್ಯಾಟರಿಯದು.