ಕೇರರ್ಸ್ ಅಲೋವೆನ್ಸ್ ಮತ್ತು ಏರಿಳಿಯುವ ಸಂಬಳ: ಹೊಸದಾಗಿ ಬಂದ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಒಂದೂವರೆ ವರ್ಷವಾಗಿದೆ, ಸ್ಪೌಸ್ ವೀಸಾ. ಯಜಮಾನರು ಇಲ್ಲೇ ಬೆಳೆದವರು, ಬ್ರಿಟಿಷ್ ಪಾಸ್‌ಪೋರ್ಟ್. ಅತ್ತೆಗೆ ಲಕ್ವ ಹೊಡೆದು ಅಟೆಂಡೆನ್ಸ್ ಅಲೋವೆನ್ಸ್, ಅಂದರೆ ಆರೈಕೆ ಬೇಕಾದ ವಯಸ್ಸಾದವರಿಗೆ ಸರ್ಕಾರ ಕೊಡುವ ಭತ್ಯೆ, ಬರುತ್ತಿದೆ. ಅವರಿಗೋಸ್ಕರ ಯಜಮಾನರು ಫುಲ್ ಟೈಮ್ ಕೆಲಸ ಬಿಟ್ಟು, ಏಜೆನ್ಸಿ ಮೂಲಕ ಗೋದಾಮಿನಲ್ಲಿ ಶಿಫ್ಟ್ ಮಾಡುತ್ತಾರೆ. ಒಂದು ವಾರ 140 ಪೌಂಡ್, ಇನ್ನೊಂದು ವಾರ 250. ಹೀಗಿರುವಾಗ ಕೇರರ್ಸ್ ಅಲೋವೆನ್ಸ್, ಅಂದರೆ ಅಂಥವರನ್ನು ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ಭತ್ಯೆ, ಸಿಗುತ್ತಾ, ಸಿಕ್ಕರೆ ನಿಮ್ಮ ಹೆಸರಿಗೆ ಹಾಕೋದಾ ಅವರ ಹೆಸರಿಗಾ ಅಂತ ಕೇಳಿದ್ದೀರಿ.

ನಿಮ್ಮ ಹೆಸರಿಗೆ ಬೇಡ. ಇದರಲ್ಲಿ ಎರಡು ಮಾತಿಲ್ಲ. ಸ್ಪೌಸ್ ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅನ್ನುವ ಷರತ್ತು ಇರುತ್ತದೆ, ಅಂದರೆ ಪಟ್ಟಿಯಲ್ಲಿರುವ ಸರ್ಕಾರಿ ಭತ್ಯೆಗಳನ್ನು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಇ-ವೀಸಾ ತೆರೆದು ನೋಡಿ. ಕೇರರ್ಸ್ ಅಲೋವೆನ್ಸ್ ಆ ಪಟ್ಟಿಯಲ್ಲಿದೆ. ಅರ್ಜಿ ಹಾಕಿ ನೋಡೋಣ, ಕೊಟ್ಟರೆ ಕೊಡಲಿ ಅನ್ನುವ ಧೈರ್ಯ ಇಲ್ಲಿ ಮಾಡಬೇಡಿ. ನಾಳೆ ಐಎಲ್‌ಆರ್‌ಗೆ, ಅಂದರೆ ಇಲ್ಲೇ ಕಾಯಂ ಇರುವ ಅನುಮತಿಗೆ, ತೊಂದರೆಯಾಗಬಹುದು. ಯಜಮಾನರು ಮಾತ್ರ ಹಾಕಬಹುದು. ಆದರೆ ಯಾರ ಹೆಸರಿಗೆ ಹಣ ಬರುತ್ತದೋ ಅವರೇ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುತ್ತಿರಬೇಕು. ಎಲ್ಲ ಕೆಲಸ ನೀವೇ ಮಾಡಿ, ಹೆಸರು ಮಾತ್ರ ಅವರದು ಅಂತಾಗಬಾರದು.

ಈ 35 ಗಂಟೆ ಅಂದಾಗ ನಮ್ಮವರು ಹಿಂಜರಿಯುತ್ತಾರೆ. ಹೆತ್ತ ತಾಯಿಯನ್ನು ನೋಡಿಕೊಳ್ಳುವುದಕ್ಕೆ ಗಂಟೆ ಲೆಕ್ಕ ಬರೆಯೋದಾ, ಅದಕ್ಕೆ ಸರ್ಕಾರದಿಂದ ದುಡ್ಡು ಇಸ್ಕೊಳ್ಳೋದಾ ಅಂತ. ನನಗೂ ಹಾಗೇ ಅನಿಸಿತ್ತು. ನೀವು ಬೇರೆ ಊರಿನವರಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಿತ್ತು, ನಿಮಗೆ ಬೇಡ. ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸುವುದು, ಅನ್ನ ಮೆತ್ತಗೆ ಕಿವುಚಿ ತಿನ್ನಿಸುವುದು, ಮಾತ್ರೆ, ರಾತ್ರಿ ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಬೀಳಬಾರದು ಅಂತ ಪಕ್ಕದಲ್ಲೇ ಕೂತಿರುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಯಜಮಾನರು ಒಂದು ವಾರ ಬರೆದಿಡಲಿ. 35 ದಾಟುತ್ತದೋ ಇಲ್ಲವೋ ಅವರಿಗೇ ಗೊತ್ತಾಗುತ್ತದೆ.

ಇನ್ನು ಸಂಬಳದ ವಿಷಯ. 2026ರ ಏಪ್ರಿಲ್‌ನಿಂದ ಕೇರರ್ಸ್ ಅಲೋವೆನ್ಸ್ ವಾರಕ್ಕೆ 86.45 ಪೌಂಡ್. ದುಡಿಮೆಯ ಮಿತಿ ವಾರಕ್ಕೆ 204 ಪೌಂಡ್. 2025ರ ಏಪ್ರಿಲ್‌ನಲ್ಲಿ ಇದನ್ನು 151ರಿಂದ 196ಕ್ಕೆ ಏರಿಸಿದ್ದರು, ಈಗ ಮತ್ತೆ ಸ್ವಲ್ಪ ಏರಿದೆ. ಈ ಮಿತಿ ಒಂದು ಪೌಂಡ್ ದಾಟಿದರೂ ಆ ವಾರದ ಪೂರ್ತಿ 86.45 ಹೋಗುತ್ತದೆ. ದಾಟಿದ ಒಂದು ಪೌಂಡನ್ನಷ್ಟೇ ಕಳೆದು ಬಿಡುವುದಲ್ಲ. ಮೆಟ್ಟಿಲೇ ಇಲ್ಲದ ಜಗಲಿಯಿಂದ ಕಾಲಿಟ್ಟ ಹಾಗೆ. ಇಷ್ಟು ಕಷ್ಟಪಡುವ ಜನರಿಗೆ ಇಂಥ ನಿಯಮ ಇಟ್ಟಿದ್ದು ಅನ್ಯಾಯ ಅಂತ ನಾನು ಯಾವತ್ತೂ ಹೇಳುತ್ತೇನೆ.

204 ಅಂದರೆ ಪೇಸ್ಲಿಪ್ಪಿನ ಮೇಲಿನ ದೊಡ್ಡ ಅಂಕಿ ಅಲ್ಲ. ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್, ಪೆನ್ಷನ್‌ಗೆ ಕಟ್ಟುವುದರಲ್ಲಿ ಅರ್ಧ, ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು. ಯಜಮಾನರು ಕೆಲಸಕ್ಕೆ ಹೋದಾಗ ಅತ್ತೆಯನ್ನು ನೋಡಿಕೊಳ್ಳಲು ಹತ್ತಿರದ ಸಂಬಂಧಿಕರಲ್ಲದ ಯಾರಿಗಾದರೂ ಹಣ ಕೊಡುತ್ತಿದ್ದರೆ, ದುಡಿಮೆಯ ಅರ್ಧದವರೆಗೆ ಅದನ್ನೂ ಕಳೆಯಬಹುದು. ನೀವು ನೋಡಿಕೊಂಡರೆ ಅದು ಸೇರುವುದಿಲ್ಲ.

ಈಗ 140, 250 ಅಂತ ಏರಿಳಿಯುವ ವಾರಗಳು. ಇದರಲ್ಲಿ ನಾನು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನಗೆ ಮುಖ್ಯ ಅನಿಸುವುದು ಇದೇ.

ನಾನು ಬಂದಿದ್ದು 2004ರ ಚಳಿಗಾಲದಲ್ಲಿ. ಆಗ ನನಗೆ ಗೊತ್ತಿದ್ದ ಇಂಗ್ಲಿಷ್ ಅಂಗಡಿಗೆ ಸಾಕು, ಸರ್ಕಾರಿ ಕಾಗದಕ್ಕೆ ಸಾಲದು. ಬಾಗಿಲ ಸಂದಿಯಿಂದ ಕಂದು ಲಕೋಟೆ ಒಳಗೆ ಬಿದ್ದರೆ ಎದೆ ಧಸಕ್ ಅನ್ನುತ್ತಿತ್ತು. ವರ್ಷಗಳಾದ ಮೇಲೆ ನಮ್ಮ ಯಜಮಾನರಿಗೆ ಹುಷಾರು ತಪ್ಪಿತು. ನಾನು ಒಂದು ಲಾಂಡ್ರಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುತ್ತಾ ಕೇರರ್ಸ್ ಅಲೋವೆನ್ಸ್ ತೆಗೆದುಕೊಳ್ಳುತ್ತಿದ್ದೆ. ಕೆಲಸ ಇದ್ದ ವಾರ ಜಾಸ್ತಿ, ಇಲ್ಲದ ವಾರ ಕಮ್ಮಿ. 2022ರಲ್ಲಿ ಮತ್ತೊಂದು ಕಂದು ಲಕೋಟೆ ಬಂತು. ಮಿತಿ ದಾಟಿದ ವಾರಗಳೆಲ್ಲ ಪಟ್ಟಿ ಮಾಡಿ, ಇಷ್ಟು ಹಣ ವಾಪಸ್ ಕಟ್ಟಿ ಅಂತ ಬರೆದಿದ್ದರು.

ನಮ್ಮ ಮನೆಯಲ್ಲಿ ಮೊದಲು ಬಂದ ಮಾತು "ಯಾರಿಗೂ ಗೊತ್ತಾಗೋದು ಬೇಡ, ನಾಳೆನೇ ಕಟ್ಟಿಬಿಡೋಣ" ಅಂತ. ಹಾಸನದಲ್ಲಿ ನಮ್ಮಪ್ಪ ಸೊಸೈಟಿ ಸಾಲದ ಕಂತು ಒಂದು ದಿನ ತಪ್ಪಿದರೆ ಊಟ ಬಿಡುತ್ತಿದ್ದರು. ಸರ್ಕಾರ ಕಾಗದ ಕಳಿಸಿದರೆ ತಪ್ಪು ನಮ್ಮದೇ ಅಂತ ನಂಬಿ ಬೆಳೆದವರು ನಾವು. ಕಟ್ಟಲು ಸಂಬಂಧಿಕರ ಹತ್ತಿರ ಕೈಗಡ ಕೇಳಿದ್ದೂ ಆಯಿತು.

ತಡೆದವರು ಸಲಹಾ ಕೇಂದ್ರದಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು. ನನ್ನ ಪೇಸ್ಲಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಐದೈದು ವಾರ ಒಟ್ಟು ಮಾಡಿ, ಪೆನ್ಸಿಲಿನಲ್ಲಿ ಗೆರೆ ಎಳೆದರು. ಒಂದು ಸಾಲು ಹೀಗಿತ್ತು: 96, 150, 110, 149, 88. ಆ ವರ್ಷದ ಮಿತಿ 132. ಬಿಡಿಬಿಡಿಯಾಗಿ ನೋಡಿದರೆ ಎರಡು ವಾರ ದಾಟಿದೆ. ಒಟ್ಟು 593. ಐದರಿಂದ ಭಾಗಿಸಿದರೆ 118.60. ಮಿತಿಯ ಒಳಗೇ ಇದೆ. "ನಿಮ್ಮ ಸಂಬಳವನ್ನು ಸರಾಸರಿ ಮಾಡಿ ನೋಡಿದ್ದಾರಾ ಅಂತ ಕೇಳಿದಿರಾ?" ಅಂದರು. ಹಾಗೊಂದು ಪ್ರಶ್ನೆ ಕೇಳಬಹುದು ಅಂತಲೇ ನನಗೆ ಯಾರೂ ಹೇಳಿರಲಿಲ್ಲ.

ಏರಿಳಿಯುವ ಸಂಬಳವನ್ನು ಸರಾಸರಿ ಮಾಡಲು ನಿಯಮದಲ್ಲಿ ಅವಕಾಶವಿದೆ. 1996ರ ಕಾನೂನಿನಲ್ಲೇ ಇದೆ. ಕೆಲಸಕ್ಕೆ ಗೊತ್ತಾದ ಒಂದು ಸರದಿ ಇದ್ದರೆ ಆ ಸರದಿಯ ಮೇಲೆ, ಇಲ್ಲದಿದ್ದರೆ ಐದು ವಾರದ ಮೇಲೆ, ಅಥವಾ ಇನ್ನೂ ಸರಿಯಾಗಿ ಲೆಕ್ಕ ಸಿಗುವಂಥ ಬೇರೆ ಅವಧಿಯ ಮೇಲೆ. ಆದರೆ ತೀರ್ಮಾನ ಅಧಿಕಾರಿಗಳದು. ಮನೆಯಲ್ಲಿ ನಾವೇ ಸರಾಸರಿ ಹಾಕಿಕೊಂಡು, ಸರಿಯಾಗಿದೆ ಅಂತ ಸುಮ್ನೆ ಕೂರಬಾರದು. ನಾವು ಕಾಗದದ ತಾರೀಖಿನಿಂದ ಒಂದು ತಿಂಗಳೊಳಗೆ 'ಮ್ಯಾಂಡೇಟರಿ ರೀಕನ್ಸಿಡರೇಷನ್', ಅಂದರೆ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಿ ಅಂತ, ಕೇಳಿದೆವು. ಅದಾದ ಮೇಲೂ ಒಪ್ಪದಿದ್ದರೆ ಟ್ರಿಬ್ಯುನಲ್ ಇದೆ. ನಮ್ಮದು ಅಲ್ಲಿಗೆ ಹೋಗಲಿಲ್ಲ. ಕೇಳಿದ್ದ ಹಣದಲ್ಲಿ ಹೆಚ್ಚಿನ ಪಾಲು ಬಿಟ್ಟರು, ಉಳಿದದ್ದನ್ನು ಕಂತಿನಲ್ಲಿ ಕಟ್ಟಿದೆ. ಅಷ್ಟರೊಳಗೆ ನಿದ್ದೆಯಿಲ್ಲದೆ ಕಳೆದ ರಾತ್ರಿಗಳು ಮಾತ್ರ ಹೋದವು. ನಮ್ಮ ಯಜಮಾನರಿಗೆ ನನ್ನ ಮುಖ ನೋಡಿಯೇ ಬಿಪಿ ಏರುತ್ತಿತ್ತು. ಅದು ಈಗಲೂ ನನ್ನನ್ನು ಕಾಡುತ್ತದೆ.

ಇಂಥ ಕಾಗದ ಬಂದವಳು ನಾನೊಬ್ಬಳೇ ಅಲ್ಲ ಅಂತ ಆಮೇಲೆ ತಿಳಿಯಿತು. 2025ರ ನವೆಂಬರ್‌ನಲ್ಲಿ, ಕೇರರ್ಸ್ ಅಲೋವೆನ್ಸ್ ಹಣ ವಾಪಸ್ ಕೇಳುವುದರ ಬಗ್ಗೆ ಲಿಜ್ ಸೇಸ್ ಅವರ ಸ್ವತಂತ್ರ ವರದಿ ಹೊರಬಂತು. ಏರಿಳಿಯುವ ಸಂಬಳದ ಸರಾಸರಿ ಹೇಗೆ ಮಾಡಬೇಕು ಅನ್ನುವ ಸರ್ಕಾರಿ ಮಾರ್ಗದರ್ಶನವೇ 2015ರಿಂದ ಸರಿ ಇರಲಿಲ್ಲ ಅಂತ ಗೊತ್ತಾಯಿತು. ಹಳೆಯ ಪ್ರಕರಣಗಳನ್ನು ಮತ್ತೆ ನೋಡುತ್ತೇವೆ ಅಂತ ಸರ್ಕಾರ ಒಪ್ಪಿಕೊಂಡಿದೆ. ಅದನ್ನು ಓದಿದ ದಿನ ಅಳು ಬಂತು, ತಂಗಿ. ನಾಚಿಕೆಪಟ್ಟು ಬಾಯಿಮುಚ್ಚಿ ಕಟ್ಟಿದ ನಮ್ಮ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೋ.

ಅದಕ್ಕೇ ಹೇಳುತ್ತೇನೆ, ಯಜಮಾನರು ಅರ್ಜಿ ಹಾಕುವಾಗಲೇ ಸಂಬಳ ಏರಿಳಿಯುತ್ತದೆ ಅಂತ ಬರೆಯಲಿ, ಸರಾಸರಿ ಮಾಡಿ ಅಂತ ಕೇಳಲಿ, ಇತ್ತೀಚಿನ ಪೇಸ್ಲಿಪ್‌ಗಳನ್ನು ಜೊತೆಗೆ ಕೊಡಲಿ. ಶಿಫ್ಟ್ ಜಾಸ್ತಿಯಾದರೆ, ಏಜೆನ್ಸಿ ಬದಲಾದರೆ, ರಜೆಯ ಸಂಬಳ ಒಟ್ಟಿಗೆ ಬಂದರೆ ಕೇರರ್ಸ್ ಅಲೋವೆನ್ಸ್ ಕಚೇರಿಗೆ ಕೂಡಲೇ ತಿಳಿಸಲಿ. ಆನ್‌ಲೈನ್‌ನಲ್ಲಿ ತಿಳಿಸಿದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನ್ ಮಾಡಿದರೆ ತಾರೀಖು, ಹೊತ್ತು, ಮಾತಾಡಿದವರ ಹೆಸರು ಬರೆದಿಡಿ. ಸಂಬಳದ ವಿವರ ಟ್ಯಾಕ್ಸ್ ಇಲಾಖೆಯಿಂದ ಆ ಕಚೇರಿಗೆ ತಾನಾಗೇ ಹೋಗುತ್ತದೆ, ನಿಜ. ಹಾಗಂತ ಅದನ್ನು ಅವತ್ತೇ ನೋಡುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ. ತಿಂಗಳುಗಟ್ಟಲೆ ಬಿಟ್ಟು ಹಣ ವಾಪಸ್ ಕಟ್ಟಿ ಅಂತ ಒಟ್ಟಿಗೆ ಕೇಳಿದ್ದೇ ಎಲ್ಲರ ಗೋಳು. ಲೆಕ್ಕಕ್ಕೆ ಸಿಗದ ಹಾಗೆ ಕೈಗೆ ಕಾಸು ಕೊಡುತ್ತೇನೆ ಅನ್ನುವವರು ನಮ್ಮವರಲ್ಲೇ ಸಿಗುತ್ತಾರೆ. ಬೇಡ.

ಆದಾಯ ಕಮ್ಮಿ ಇರುವವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಬಗ್ಗೆಯೂ ಕೇಳಿದ್ದೀರಿ. ಅದರಲ್ಲಿ ಆರೈಕೆ ಮಾಡುವವರಿಗೆ ಸೇರಿಸಿ ಕೊಡುವ ಕೇರರ್ ಎಲಿಮೆಂಟ್‌ಗೆ ಈ 204ರ ಗೆರೆ ಇಲ್ಲ. ಆದರೆ ಕೇರರ್ಸ್ ಅಲೋವೆನ್ಸ್ ಬಂದಷ್ಟೂ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಕಡಿತವಾಗುತ್ತದೆ. ನಿಮ್ಮ ವೀಸಾ ಇರುವಾಗ ಅದನ್ನು ವಲಸೆ ವಿಷಯ ತಿಳಿದ ಸಲಹೆಗಾರರನ್ನು ಕೇಳದೆ ಮುಟ್ಟಬೇಡಿ. ಕೇರರ್ಸ್ ಅಲೋವೆನ್ಸ್ ಜೊತೆಗೆ ಪೆನ್ಷನ್‌ಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಸಿಗುತ್ತದೆ, ಅದೊಂದು ಒಳ್ಳೆಯದು. ಊರಿಗೆ ಹೋಗುವುದಾದರೆ 26 ವಾರದಲ್ಲಿ 4 ವಾರದವರೆಗೆ ಹಣ ನಿಲ್ಲುವುದಿಲ್ಲ. ಮದುವೆ, ಗೃಹಪ್ರವೇಶ ಅಂತ ಹೋದರೆ ನಾಲ್ಕು ವಾರ ಯಾವ ಮೂಲೆಗೆ, ಅಲ್ವಾ. ಆದರೂ ಟಿಕೆಟ್ ಮಾಡುವ ಮುಂಚೆಯೇ ತಿಳಿಸಿ.

ಮೊದಲು ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ದುಡ್ಡು ಕೇಳುವುದಿಲ್ಲ. ಅತ್ತೆಯ ಅಟೆಂಡೆನ್ಸ್ ಅಲೋವೆನ್ಸ್ ಕಾಗದ, ಯಜಮಾನರ ಪೇಸ್ಲಿಪ್‌ಗಳು, ನಿಮ್ಮ ವೀಸಾ ವಿವರ, ಮೂರನ್ನೂ ಒಯ್ಯಿರಿ. ತಡ ಮಾಡಬೇಡಿ, ಅರ್ಹತೆ ಇದ್ದರೆ ಹಿಂದಿನ 3 ತಿಂಗಳವರೆಗೂ ಕೇಳಬಹುದು. ಯಜಮಾನರಿಗೆ ಸಂಬಳ ವಾರಕ್ಕೊಮ್ಮೆ ಬರುತ್ತದೋ ನಾಲ್ಕು ವಾರಕ್ಕೊಮ್ಮೆಯೋ ತಿಳಿಸಿ, ಆ ಲೆಕ್ಕ ನಾನೂ ಕೂತು ನೋಡುತ್ತೇನೆ.