ಪೈಲ್ ಗೋಡೆಯ ಹಿಂದಿನ ಹಳೆಯ ಕೊಳವೆ

ಪ್ರಶ್ನೆ: 6 ಮೀಟರ್ ಆಳದ ನೆಲಮಾಳಿಗೆಗಾಗಿ ಒತ್ತೊತ್ತಾಗಿ ಪೈಲ್ (ನೆಲದಾಳಕ್ಕಿಳಿಸುವ ಕಾಂಕ್ರೀಟ್ ಕಂಬ) ಇಳಿಸಿ ತಡೆಗೋಡೆ ಕಟ್ಟಲಿದ್ದೇವೆ. ಗೋಡೆಯಿಂದ ಒಂದೂವರೆ ಮೀಟರ್ ಆಚೆಗೆ ಎರಕದ ಕಬ್ಬಿಣದ ಹಳೆಯ ನೀರಿನ ಕೊಳವೆಯಿದೆ. ಪೈಲ್‌ಗಳು ಗಟ್ಟಿಯಾಗಿರುವುದರಿಂದ ಅದಕ್ಕೇನೂ ಆಗದೆಂದು ಗುತ್ತಿಗೆದಾರರು ಹೇಳುತ್ತಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ಈ ಮಾತಿಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಗೋಡೆ ಮುರಿಯದು ಎಂದರೆ ಬಾಗದು ಎಂದಲ್ಲ. ಮಣ್ಣು ತೆಗೆಯುತ್ತ ಹೋದಂತೆ ಗೋಡೆ ಹೊಂಡದ ಕಡೆಗೆ ಬಾಗುತ್ತದೆ, ಹಿಂದಿನ ನೆಲ ತಗ್ಗುತ್ತದೆ, ಆ ತಗ್ಗು ಹೊಂಡದ ಆಳದ ಎರಡು ಮೂರು ಪಟ್ಟು ದೂರಕ್ಕೂ ಹರಡಬಲ್ಲದು. ಎರಕದ ಕಬ್ಬಿಣ ಬಾಗಲೊಲ್ಲದೆ ಬಿರಿಯುವ ಲೋಹ. ಅದರ ಹಳೆಯ ಕೀಲುಗಳು ಅದಕ್ಕೂ ಮೊದಲೇ ಸೋರತೊಡಗುತ್ತವೆ. ಸೋರಿದ ನೀರು ಪೈಲ್‌ಗಳ ನಡುವಿನ ಸಂದುಗಳಲ್ಲಿ ಮರಳನ್ನು ಹೊತ್ತು ಹೊಂಡಕ್ಕಿಳಿದರೆ ಕೊಳವೆಯ ಅಡಿಯೇ ಟೊಳ್ಳಾಗುತ್ತದೆ. ನೀರು ಹೊರಬರಲು ದಾರಿ ಬಿಡದೆ ಸಂದುಗಳಿಗೆ ಕಾಂಕ್ರೀಟ್ ಮೆತ್ತಿದರೆ ಇನ್ನೊಂದು ಗಂಡಾಂತರ: ಒಣ ಮರಳುಮಣ್ಣು ಗೋಡೆಯ ಮೇಲೆ ಪ್ರತಿ ಮೀಟರ್ ಆಳಕ್ಕೆ ಚದರ ಮೀಟರಿಗೆ ಸುಮಾರು 6 ಕಿಲೋನ್ಯೂಟನ್‌ನಷ್ಟು ಒತ್ತಡವನ್ನು ಹೆಚ್ಚಿಸಿದರೆ, ನೀರು ತುಂಬಿದ ಅದೇ ಮಣ್ಣು ಅದರ ಎರಡರಷ್ಟು ಹೆಚ್ಚಿಸುತ್ತದೆ.

ಆದ್ದರಿಂದ ಪೈಲಿಂಗ್ ಯಂತ್ರ ಬರುವ ಮೊದಲೇ ಆ ಭಾಗದ ಕೊಳವೆಯನ್ನು ಬೆಸುಗೆ ಹಾಕಿದ ಪಾಲಿಎಥಿಲೀನ್ ಕೊಳವೆಗೆ ಬದಲಿಸಲು ಅದರ ಒಡೆತನದ ಸಂಸ್ಥೆಯನ್ನು ಒಪ್ಪಿಸಿ. ನಾನು ಅತಿ ಅಂಜುತ್ತೇನೆಂದು ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಬದಲಿಸಲಾಗದಿದ್ದರೆ ಗೋಡೆ ಒಳಕ್ಕೆ ಬಾಗದಂತೆ ತಡೆಯುವ ಮೊದಲ ಸಾಲಿನ ಅಡ್ಡ ಆಧಾರಗಳನ್ನು ಕೂರಿಸದೆ ಆ ಸಾಲಿನ ಕೆಳಗೆ ಅಗೆಯಬೇಡಿ. ಎಷ್ಟು ತಗ್ಗಿತೆಂದು ತೋರಿಸುವ ಅಳತೆಯ ಗುರುತುಗಳನ್ನು ಕೊಳವೆಯ ಮೈಮೇಲೆಯೇ ಇಡಿ, ರಸ್ತೆಯ ಮೇಲಲ್ಲ. ಅಡಿಯಲ್ಲಿ ಟೊಳ್ಳಾದರೂ ಗಟ್ಟಿ ರಸ್ತೆ ಕೆಲಕಾಲ ಸೇತುವೆಯಂತೆ ನಿಂತು ನಿಮ್ಮನ್ನು ವಂಚಿಸುತ್ತದೆ. ಮೊದಲ ಅಳತೆ ಪೈಲಿಂಗ್‌ಗೂ ಮುಂಚಿನದಾಗಿರಬೇಕು. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂಬುದಷ್ಟೇ ಅಲ್ಲ, ಅದು ತಿರುಗುತ್ತದೆಯೇ ಎಂಬುದನ್ನೂ ಈಗಲೇ ನೋಡಿಸಿ.

ಪ್ರಶ್ನೆ: ನಕ್ಷೆಯಲ್ಲಿ ಯಾವ ಕೇಬಲ್ಲೂ ಇಲ್ಲ. ನೆಲದಡಿ ಏನಿದೆಯೆಂದು ನೋಡಲು ತೋಡುವ ಪರೀಕ್ಷಾ ಗುಂಡಿಗಳನ್ನು ಕೈಬಿಡಬಹುದೇ?

ಉತ್ತರ: ಕೂಡದು. ಗುಂಡಿಗಳನ್ನು ಕೈಯಿಂದಲೇ ಅಗೆಸಿ.

ಪ್ರಶ್ನೆ: ಬಾಗಿದ ತಂತಿ ಹಿಡಿದು ಕೊಳವೆ ಪತ್ತೆಹಚ್ಚುವವರೊಬ್ಬರು ಸಿಕ್ಕಿದ್ದಾರೆ. ಕರೆಸಲೇ?

ಉತ್ತರ: ಆ ಹಣವನ್ನು ಗುಂಡಿ ತೋಡುವವರಿಗೆ ಕೊಡಿ.

ಪ್ರಶ್ನೆ: ಒಂದನ್ನೊಂದು ಕೊರೆದು ಬೆಸೆದುಕೊಳ್ಳುವ ಸೀಕೆಂಟ್ ಪೈಲ್ ಗೋಡೆ ಕಟ್ಟಿದರೆ ಒಂದು ಹನಿಯೂ ಒಸರದಲ್ಲವೇ?

ಉತ್ತರ: ಪೈಲ್ 75ಕ್ಕೆ 1ರಂತೆ ವಾಲಿದರೆ 12 ಮೀಟರ್ ಆಳದಲ್ಲಿ 160 ಮಿಲಿಮೀಟರ್ ಸರಿದಿರುತ್ತದೆ. ಅಲ್ಲಿ ನಿಮ್ಮ ಬೆಸುಗೆ ಎಷ್ಟು ಉಳಿದಿರುತ್ತದೆಂದು ವಿನ್ಯಾಸಕಾರರನ್ನು ಕೇಳಿ.