‘ಕೇಆಟಿಕ್’ ಎಲ್ಲಿ, ‘ಮೆಸ್ಸಿ’ ಎಲ್ಲಿ?
ಹಾಸ್ಟೆಲ್ ರೂಮನ್ನು ಬಣ್ಣಿಸಲು ಇಂಗ್ಲಿಷಿನಲ್ಲಿ ‘ಕೇಆಟಿಕ್’ (chaotic) ಅಂತ ಬರೆದಿದ್ದಕ್ಕೆ ಸರ್ ಗೀಟು ಹಾಕಿದರು ಅಂದಿರಲ್ಲ, ಗೊಂದಲ ನಿಘಂಟಿನಿಂದಲೇ ಬಂದಿರಬೇಕು. ಅದಕ್ಕೂ ‘ಮೆಸ್ಸಿ’ಗೂ (messy) ಒಂದೇ ಅರ್ಥ ಕೊಟ್ಟಿರುತ್ತಾರೆ: ಅಸ್ತವ್ಯಸ್ತ.

ಮೊದಲು ನೋಡಿ, ಅಲ್ಲಿ ಏನಾದರೂ ನಡೆಯುತ್ತಾ ಇದೆಯಾ? ಸಂಜೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಒಟ್ಟಿಗೇ ಊರಿನ ಹೆಸರು ಕೂಗುತ್ತಾರೆ, ಬಸ್ಸು ರಿವರ್ಸ್ ಬರುತ್ತಿರುವಾಗಲೇ ಜನ ಹತ್ತುತ್ತಾರೆ. ಯಾರ ಹಿಡಿತಕ್ಕೂ ಸಿಗದ ಆ ಗಡಿಬಿಡಿ ಕೇಆಟಿಕ್. ಮಂಚದ ಮೇಲೆ ಒದ್ದೆ ಬೈರಾಸು, ನೆಲದಲ್ಲಿ ಪುಸ್ತಕ, ಹೀಗೆ ಸುಮ್ನೆ ಹರಡಿ ಬಿದ್ದಿದ್ದರೆ ಮೆಸ್ಸಿ.

ರೂಮಿಗೆ ಕೇಆಟಿಕ್ ಅಂದರೆ ಪೂರ್ತಿ ತಪ್ಪು ಅನ್ನಲಾರೆ, ಇಂಗ್ಲಿಷಿನವರೂ ಹಾಗೆ ಹೇಳುವುದುಂಟು. ಆದರೆ ಪರೀಕ್ಷೆಯಲ್ಲಿ ಮೆಸ್ಸಿ ಅಥವಾ ಅನ್‌ಟೈಡಿ (untidy) ಬರೆಯಿರಿ. ಕೇಆಟಿಕ್ ಓದುವಾಗ ಶುರುವಿಗೆ ‘ಚಾ’ ಅಲ್ಲ, ‘ಕೇ’. ಒತ್ತು ‘ಆ’ ಮೇಲೆ ಬರಲಿ.